ಸುರಪುರದ ಸುದ್ದಿ ಒಬ್ಬನ ಕೈಯಲ್ಲಿದ್ದಾಗ

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಅಂತ ಒಂದು ಹಳೇ ಬಂಗಲೆ ಇದೆ. ಹೋದ ಸಲ ಊರ ಕಡೆ ಹೋದಾಗ ಅದರ ಮುಂದೆ ಇಬ್ಬರು ಹುಡುಗರು ವಿಡಿಯೊ ಕಾಲ್‌ನಲ್ಲಿದ್ದರು. ಪುಣೆಯಲ್ಲಿ ಗಾರೆ ಕೆಲಸಕ್ಕೆ ಹೋದ ಅಣ್ಣನಿಗೆ ಫೋನ್ ತಿರುಗಿಸಿ ತಿರುಗಿಸಿ ಊರು ತೋರಿಸ್ತಿದ್ದರು. ಅಣ್ಣ ಆ ಕಡೆಯಿಂದ ಯಾರ್ಯಾರದೋ ಮನೆ ಕೇಳ್ತಿದ್ದ. ಹತ್ತು ಹದಿನೈದು ನಿಮಿಷ ಮಾತಾಡಿರಬೇಕು. ಆ ಕಾಲ್‌ಗೆ ಅಂತ ಅವರು ಬೇರೆ ದುಡ್ಡು ಕೊಟ್ಟಿಲ್ಲ, ಕೊಡಬೇಕಾಗುತ್ತೆ ಅನ್ನೋ ಯೋಚನೆಯೂ ಅವರಿಗಿಲ್ಲ.

ಇದೇ ಬಂಗಲೆಯಲ್ಲಿ ಸುಮಾರು 180 ವರ್ಷಗಳ ಹಿಂದೆ ಒಬ್ಬ ಮನುಷ್ಯ ಲಂಡನ್ನಿನ ದಿ ಟೈಮ್ಸ್ ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದ. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದವನೂ ಅವನೇ. ಆಳುವವನೂ ಅವನೇ, ವರದಿಗಾರನೂ ಅವನೇ. ಫಿಲಿಪ್ ಮೆಡೋಸ್ ಟೇಲರ್. ನಮ್ಮ ಕಡೆ ಹಿರಿಯರು ಈಗಲೂ ಟೇಲರ್ ಸಾಹೇಬ್ರು ಅಂತಲೇ ಕರೀತಾರೆ. ನಾನು ಏಕವಚನದಲ್ಲೇ ಬರೀತೀನಿ. ಮನೆಯಲ್ಲಿ ಇದಕ್ಕೊಂದು ಜಗಳ ಆಗಬಹುದು, ಆಗಲಿ.

ಇಂಟರ್ನೆಟ್ ಬಂದು ಟೆಲಿಫೋನ್ ಅನ್ನೋ ವ್ಯವಹಾರವನ್ನೇ ಬುಡಮೇಲು ಮಾಡಿದ ಕಥೆಯನ್ನು ನಾವು ಬೆಂಗಳೂರಿನಿಂದಲೋ ಕ್ಯಾಲಿಫೋರ್ನಿಯಾದಿಂದಲೋ ಶುರು ಮಾಡ್ತೀವಿ. ನನಗೆ ಅದನ್ನು ಸುರಪುರದಿಂದ ಹೇಳಬೇಕು ಅನ್ನಿಸುತ್ತೆ. ಸುದ್ದಿ ಸಾಗುವ ದಾರಿ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಯಾರ ಕಥೆ ಉಳಿಯುತ್ತೆ ಅನ್ನುವುದು ಹೇಗೆ ನಿಂತಿರುತ್ತೆ ಎಂಬುದನ್ನು ಟೇಲರ್‌ನ ಬದುಕಿನಷ್ಟು ಸ್ಪಷ್ಟವಾಗಿ ತೋರಿಸುವ ಬದುಕು ನನಗೆ ಬೇರೆ ಗೊತ್ತಿಲ್ಲ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್‌ನಲ್ಲಿ, ಲಿವರ್‌ಪೂಲಿನಲ್ಲಿ. ತಂದೆ ವ್ಯಾಪಾರಿ, ಕೈಸುಟ್ಟುಕೊಂಡವನು. ಹುಡುಗ ಸಣ್ಣ ವಯಸ್ಸಿಗೇ ವ್ಯಾಪಾರಿಯ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿದ. 1824ರಲ್ಲಿ, ಇನ್ನೂ ಹದಿನಾರು ತುಂಬುವ ಮೊದಲೇ, ಬಾಂಬೆಯ ಒಬ್ಬ ವ್ಯಾಪಾರಿಯ ಹತ್ತಿರ ಕೆಲಸಕ್ಕೆ ಅಂತ ಹಡಗು ಹತ್ತಿಸಿದರು. ಬಂದು ನೋಡಿದರೆ ಆ ವ್ಯಾಪಾರವೂ ಮುಳುಗುವ ಸ್ಥಿತಿಯಲ್ಲಿತ್ತು. ಸಂಬಂಧಿಕರೊಬ್ಬರ ಶಿಫಾರಸಿನಿಂದ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಅಧಿಕಾರಿಯ ಕೆಲಸ ಸಿಕ್ಕಿತು. ಇದು ನೆನಪಿಡಬೇಕಾದ ವಿಷಯ. ಅವನು ಈಸ್ಟ್ ಇಂಡಿಯಾ ಕಂಪನಿಯ ನೇರ ನೌಕರನಲ್ಲ. ಸಂಬಳ ನಿಜಾಮನದು, ಹಿಡಿತ ಹೈದರಾಬಾದಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟನದು. ಕಂಪನಿಯ ದೊಡ್ಡ ಸಾಹೇಬರು ಇಂಥವರನ್ನು ಒಂದು ಮೆಟ್ಟಿಲು ಕೆಳಗೇ ನೋಡುತ್ತಿದ್ದರು. ಮದುವೆಯಾಗಿದ್ದು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು. ಪಾಮರ್‌ನ ತಾಯಿ ಒಬ್ಬ ಬೇಗಂ.

ತುಳಜಾಪುರದ ಸುತ್ತ ಪೊಲೀಸ್ ಕೆಲಸ ಮಾಡುವಾಗ ಟೇಲರ್ ಠಕ್ಕರ ಬೆನ್ನು ಹತ್ತಿದ. ಆ ಅನುಭವವನ್ನೇ ಕಾದಂಬರಿ ಮಾಡಿದ. 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆ ಪುಸ್ತಕದ ಕರಡು ಪುಟಗಳನ್ನು ವಿಕ್ಟೋರಿಯಾ ರಾಣಿಯೇ ತರಿಸಿಕೊಂಡು ಓದಿದಳಂತೆ. ನಾಡಿನ ಒಂದಿಡೀ ಜನಸಮೂಹದ ಬಗ್ಗೆ ಇಂಗ್ಲೆಂಡಿನ ಮನಸ್ಸಿನಲ್ಲಿ ಭಯದ ಚಿತ್ರ ಕೂರಿಸಿದ ಪುಸ್ತಕ ಅದು. ಠಕ್ಕ ಅನ್ನೋ ಪದ ಇಂಗ್ಲಿಷಿನಲ್ಲಿ ಗೂಂಡಾ ಅನ್ನೋ ಅರ್ಥದಲ್ಲಿ ಖಾಯಂ ಆಗುವುದರಲ್ಲಿ ಅವನ ಪಾಲೂ ಇದೆ. ಹೆಸರು ಬಂತು. ಹೆಸರಿನ ಬೆನ್ನಿಗೇ 1840ರಲ್ಲಿ ದಿ ಟೈಮ್ಸ್ ಪತ್ರಿಕೆಯ ಭಾರತದ ವರದಿಗಾರಿಕೆ ಸಿಕ್ಕಿತು. 1853ರವರೆಗೂ, ಅಂದ್ರೆ ಹದಿಮೂರು ವರ್ಷ, ಅವನು ಆ ಪತ್ರಿಕೆಗೆ ಬರೆದ. ಆ ಕಾಲದಲ್ಲಿ ಪತ್ರಿಕೆಯಲ್ಲಿ ವರದಿಗಾರರ ಹೆಸರು ಹಾಕುತ್ತಿರಲಿಲ್ಲ. ಓದುವವನಿಗೆ ಇದನ್ನು ಬರೆದವನು ಯಾರು, ಯಾರ ಸಂಬಳ ತಿನ್ನುತ್ತಾನೆ ಅಂತ ತಿಳಿಯುವ ದಾರಿ ಇರಲಿಲ್ಲ.

1841ರಲ್ಲಿ ಅವನನ್ನು ಸುರಪುರಕ್ಕೆ ಕಳಿಸಿದರು. ಬೇಡ ನಾಯಕರ ಸಂಸ್ಥಾನ ಇದು. ಔರಂಗಜೇಬ ತನ್ನ ಕೊನೆಯ ದಂಡಯಾತ್ರೆ ಮಾಡಿದ್ದು ಇದೇ ನಾಯಕರ ವಾಗಣಗೇರಿ ಕೋಟೆಯ ಮೇಲೆ, 1705ರಲ್ಲಿ. ಆ ಮನೆತನ ಈಗ ನಿಜಾಮನಿಗೆ ಕಪ್ಪ ಕಟ್ಟಲಾಗದೆ ಸಾಲದಲ್ಲಿತ್ತು. ರಾಜಾ ಕೃಷ್ಣಪ್ಪ ನಾಯಕರು ತೀರಿಹೋದ ಮೇಲೆ ಮಗ ವೆಂಕಟಪ್ಪ ನಾಯಕರು ಇನ್ನೂ ಏಳೆಂಟು ವರ್ಷದ ಹುಡುಗ. ಅಧಿಕಾರಕ್ಕಾಗಿ ರಾಣಿ ಈಶ್ವರಮ್ಮನವರಿಗೂ ಗಂಡನ ತಮ್ಮ ಪಿಡ್ಡ ನಾಯಕರಿಗೂ ಜಗಳ. ನಡುವೆ ಟೇಲರ್.

ಅವನು ಮಾಡಿದ ಕೆಲಸವನ್ನು ಇಲ್ಲ ಅನ್ನಲು ಆಗಲ್ಲ. ಲೆಕ್ಕಪತ್ರ ಸರಿಮಾಡಿದ, ಸಾಲ ಇಳಿಸಿದ, ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದ. ಇವತ್ತು ಪಕ್ಷಿಧಾಮ ಅಂತ ನಾವು ಬೈಕ್ ಹತ್ತಿ ಹೋಗೋದು ಅದೇ ಕೆರೆಗೆ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಬಂಡೆಗಳು, ರಾಜನಕೋಳೂರಿನ ಕಲ್ಗೋರಿಗಳು, ಇವನ್ನೆಲ್ಲ ಅಳೆದು, ಚಿತ್ರ ಬರೆದು ಪ್ರಕಟಿಸಿದವರಲ್ಲಿ ಮೊದಲಿಗ ಅವನೇ. ನಮ್ಮೂರಿನ ಕಲ್ಲುಗಳು ಸಾವಿರಾರು ವರ್ಷ ಮಾತಾಡದೆ ನಿಂತಿದ್ದವು. ಅವುಗಳ ಬಗ್ಗೆ ಹೊರಗಿನ ಲೋಕಕ್ಕೆ ಹೇಳೋಕೂ ಅವನೇ ಬೇಕಾಯ್ತು. ನೋಡಿ, ಎಲ್ಲಾ ದಾರಿಯೂ ಅವನ ಟೇಬಲ್ ದಾಟಿಯೇ ಹೋಗುತ್ತೆ.

ಆ ದಾರಿ ಹೇಗಿತ್ತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಟೇಲರ್ ಬರೆದ ಕಾಗದ ಟಪಾಲು ಹರಿಕಾರನ ಚೀಲ ಸೇರುತ್ತಿತ್ತು. ಹರಿಕಾರ ಒಂದು ಠಾಣೆಯಿಂದ ಇನ್ನೊಂದಕ್ಕೆ ಓಡಿ, ಮುಂದಿನವನಿಗೆ ಚೀಲ ದಾಟಿಸಿ, ಹೀಗೇ ಬಾಂಬೆ ತನಕ. ಅಲ್ಲಿಂದ ಹಬೆ ಹಡಗಿನಲ್ಲಿ ಕೆಂಪು ಸಮುದ್ರ ದಾಟಿ ಸೂಯೆಜ್, ಆಗ ಕಾಲುವೆ ಇಲ್ಲ, ಈಜಿಪ್ಟಿನ ಮರಳು ದಾಟಿ ಅಲೆಕ್ಸಾಂಡ್ರಿಯಾ, ಮತ್ತೆ ಹಡಗು. ಎಲ್ಲಾ ಸೇರಿ ತಿಂಗಳ ಮೇಲೆ. ಉತ್ತರ ಬರಲು ಮತ್ತೆ ಅಷ್ಟೇ ದಿನ. ರಾಣಿ ಈಶ್ವರಮ್ಮ ತನ್ನ ಮೇಲಿನ ಆರೋಪಕ್ಕೆ ಲಂಡನ್ನಿನಲ್ಲಿ ಉತ್ತರ ಕೊಡಬೇಕು ಅಂದ್ರೆ ಏನು ಮಾಡಬೇಕಿತ್ತು? ಅರ್ಜಿಯನ್ನು ಇಂಗ್ಲಿಷಿಗೆ ಮಾಡಿಸಬೇಕು, ಅದು ಟೇಲರ್ ಮೂಲಕ ರೆಸಿಡೆಂಟನಿಗೆ, ರೆಸಿಡೆಂಟ್ ಮೂಲಕ ಕಲ್ಕತ್ತೆಗೆ ಹೋಗಬೇಕು. ಅಂದ್ರೆ ಯಾರ ಮೇಲೆ ದೂರೋ ಅವನ ಕೈಗೇ ದೂರಿನ ಕಾಗದ. ಟೇಲರ್ ತನ್ನ ಆತ್ಮಕಥೆಯಲ್ಲಿ ಆಕೆಯ ನಡತೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ. ಆಕೆ ಅವನ ಬಗ್ಗೆ ಏನು ಅಂದುಕೊಂಡಿದ್ದರು ಅನ್ನೋದು ಅಂಥ ಯಾವ ಪುಸ್ತಕವಾಗಿಯೂ ನಮಗೆ ಬಂದಿಲ್ಲ. ಒಬ್ಬ ಹೆಂಗಸು ರಾಜ್ಯ ನಡೆಸಲು ಹೊರಟಾಗ ಅವಳ ನಡತೆಯ ಮಾತೇ ಮೊದಲು ಬರೋದು ಟ್ವಿಟರ್ ಕಾಲದ ಸೃಷ್ಟಿ ಅಂತ ಯಾರಾದರೂ ಅಂದುಕೊಂಡಿದ್ದರೆ ಆ ಪುಟಗಳನ್ನು ಓದಬೇಕು.

ಹುಡುಗ ರಾಜ ಮಾತ್ರ ಟೇಲರ್‌ನನ್ನು ಅಪ್ಪ ಅಂತ ಕರೆಯುತ್ತಿದ್ದರು. ಇದೂ ಟೇಲರ್ ಹೇಳಿದ್ದೇ. ಆದರೆ ಇದನ್ನು ನಾನು ನಂಬ್ತೀನಿ, ಯಾಕಂದ್ರೆ ಮುಂದೆ ನಡೆದದ್ದಕ್ಕೆ ಅದು ಹೊಂದುತ್ತದೆ. ಇನ್ನೊಂದು ಮಾತನ್ನೂ ಅವನು ದಾಖಲಿಸಿದ್ದಾನೆ: ರಾಜರು ಇಪ್ಪತ್ನಾಲ್ಕು ದಾಟುವುದಿಲ್ಲ ಅಂತ ಜಾತಕ ಬರೆದವರು ಹೇಳಿದ್ದರಂತೆ.

1853ರಲ್ಲಿ ಆಡಳಿತವನ್ನು ಹತ್ತೊಂಬತ್ತರ ಆಸುಪಾಸಿನ ರಾಜರಿಗೆ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ವರ್ಗವಾದ. ಅದೇ ವರ್ಷ ನಿಜಾಮ ತನ್ನ ಸಾಲಕ್ಕೆ ಬದಲಾಗಿ ಬೆರಾರ್, ರಾಯಚೂರು ದೋಆಬ್, ನಳದುರ್ಗದ ಕಡೆಯ ಜಿಲ್ಲೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದ. ಟೈಮ್ಸ್ ವರದಿಗಾರಿಕೆಯೂ ಅಲ್ಲಿಗೆ ಮುಗಿಯಿತು. ಆಗಲೇ ಭೂಮಿಯ ಮೇಲೆ ಇನ್ನೊಂದು ದಾರಿ ಬೀಳುತ್ತಿತ್ತು.

ಕಲ್ಕತ್ತೆಯಲ್ಲಿ ವೈದ್ಯನಾಗಿದ್ದ ವಿಲಿಯಂ ಓ'ಶಾಗ್ನೆಸ್ಸಿ ಅನ್ನುವವನು ಪ್ರಯೋಗ ಮಾಡಿ ಮಾಡಿ, 1851ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರ್ ತನಕ ಟೆಲಿಗ್ರಾಫ್ ತಂತಿ ಎಳೆದಿದ್ದ. ಗವರ್ನರ್ ಜನರಲ್ ಡಾಲ್‌ಹೌಸಿಗೆ ಅದರ ಬೆಲೆ ತಕ್ಷಣ ತಿಳಿಯಿತು. 1855ರ ಹೊತ್ತಿಗೆ ಕಲ್ಕತ್ತ, ಆಗ್ರಾ, ಬಾಂಬೆ, ಮದ್ರಾಸು ಒಂದೇ ತಂತಿಯಲ್ಲಿದ್ದವು. ತಿಂಗಳು ಹಿಡಿಯುತ್ತಿದ್ದ ಮಾತು ಗಂಟೆಗಳಿಗೆ ಬಂತು. ತಂತಿಯಷ್ಟೇ ಮುಖ್ಯವಾದ ಇನ್ನೊಂದು ಕೆಲಸವೂ ಆಯ್ತು. 1854ರಲ್ಲಿ ಒಂದು ಕಾಯ್ದೆ ಬಂತು. ಭಾರತದಲ್ಲಿ ಟೆಲಿಗ್ರಾಫ್ ಮಾರ್ಗ ಸ್ಥಾಪಿಸುವ ಹಕ್ಕು ಕಂಪನಿಗೆ ಮಾತ್ರ, ಬೇರೆ ಯಾರೇ ಎಳೆಯಬೇಕಾದರೂ ಅದರ ಲೈಸೆನ್ಸ್ ಬೇಕು. ಈ ಸಾಲನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಆಮೇಲೆ ಮತ್ತೆ ಬರುತ್ತೆ.

1857ರ ಮೇ 11ರಂದು ದಿಲ್ಲಿಯಲ್ಲಿ ದಂಗೆ ಎದ್ದಾಗ ಅಲ್ಲಿನ ತಂತಿ ಕಚೇರಿಯಿಂದ ಅಂಬಾಲಕ್ಕೆ ಸುದ್ದಿ ಹೋಯಿತು. ಸಿಪಾಯಿಗಳಿಗೆ ಗೊತ್ತಾಗುವ ಮೊದಲೇ ಪಂಜಾಬಿನಲ್ಲಿ ಅವರ ಕೈಯಿಂದ ಬಂದೂಕು ಕಿತ್ತುಕೊಳ್ಳಲಾಯಿತು. ದಂಗೆಯವರು ಅಷ್ಟೊಂದು ಕಡೆ ಕಂಬ ಕಿತ್ತು ತಂತಿ ಕಡಿದದ್ದು ಸುಮ್ಮನೆ ಸಿಟ್ಟಿಗಲ್ಲ. ಅವರ ಕಡೆಗೂ ಜಾಲ ಇತ್ತು. ಫಕೀರರು, ಬೈರಾಗಿಗಳು, ಕೈಯಿಂದ ಕೈಗೆ ದಾಟುವ ಚಪಾತಿ, ಗುಟ್ಟಿನ ಕಾಗದ. ನಾನಾಸಾಹೇಬರ ಕಡೆಯವರು ಸುರಪುರಕ್ಕೂ ಬಂದಿದ್ದರು ಅನ್ನುವುದು ನಮ್ಮ ಭಾಗದ ಇತಿಹಾಸದಲ್ಲಿ ಗಟ್ಟಿಯಾಗಿ ನಿಂತ ಮಾತು. ನವೆಂಬರ್‌ನಲ್ಲಿ ಮುಧೋಳ ಹತ್ತಿರದ ಹಲಗಲಿಯ ಬೇಡರು ಆಯುಧ ಒಪ್ಪಿಸಲ್ಲ ಅಂತ ತಿರುಗಿಬಿದ್ದರು. ಸುರಪುರದಲ್ಲಿ ವೆಂಕಟಪ್ಪ ನಾಯಕರು ಅರಬರನ್ನು, ರೋಹಿಲ್ಲರನ್ನು ಸೈನ್ಯಕ್ಕೆ ಸೇರಿಸಿಕೊಳ್ಳತೊಡಗಿದರು. ಕಿವಿಮಾತು ಹೇಳಲು ಹೈದರಾಬಾದಿನಿಂದ ಬಂದ ಅಧಿಕಾರಿಯ ಮಾತು ನಡೆಯಲಿಲ್ಲ.

ಟೇಲರ್ ಆಗ ಇಲ್ಲಿಲ್ಲ. ಅವನನ್ನು ಸೈನ್ಯವೇ ಕೊಡದೆ ಬೆರಾರಿಗೆ ಕಳಿಸಿದ್ದರು, ಹೇಗಾದರೂ ಮಾಡಿ ಆ ಸೀಮೆ ಕೈತಪ್ಪದಂತೆ ನೋಡಿಕೋ ಅಂತ. 1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನಿಂದ ಹೊರಟ ಪಡೆ ಸುರಪುರದ ಬುಡಕ್ಕೆ ಬಂತು. ರಾತ್ರಿ ರಾಜರ ಕಡೆಯವರು ಅದರ ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಅಷ್ಟರಲ್ಲಿ ಕರ್ನಲ್ ಮಾಲ್ಕಮ್‌ನ ಪಡೆಯೂ ಪಶ್ಚಿಮದಿಂದ ಬಂದು ಸೇರಿತು. ಬಾಂಬೆಗೂ ಮದ್ರಾಸಿಗೂ ನಡುವೆ ತಂತಿ ಇತ್ತು. ಸುರಪುರಕ್ಕೆ ಇದ್ದದ್ದು ಕುದುರೆ ಮತ್ತು ಕಾಲಾಳು. ಯಾವ ಕಡೆಯಿಂದ ಎಷ್ಟು ಜನ ಬರ್ತಿದ್ದಾರೆ ಅನ್ನೋದು ಒಂದು ಕಡೆಯವರಿಗೆ ಗೊತ್ತಿತ್ತು, ಇನ್ನೊಂದು ಕಡೆಯವರು ಊಹಿಸಬೇಕಿತ್ತು. ರಾಜರು ರಾತ್ರೋರಾತ್ರಿ ಹೈದರಾಬಾದಿನ ಕಡೆ ಹೊರಟರು. ಅಲ್ಲಿ ದಿವಾನ ಸಾಲಾರ್‌ಜಂಗ್ ಅವರನ್ನು ಹಿಡಿಸಿ ರೆಸಿಡೆಂಟನಿಗೆ ಒಪ್ಪಿಸಿದ.

ಟೇಲರ್ ಜೈಲಿನಲ್ಲಿ ರಾಜರನ್ನು ಕಂಡ. ಯಾರು ಹುರಿದುಂಬಿಸಿದರು, ಹೆಸರು ಹೇಳು ಅಂತ ಕೇಳಿದ. ಅಪ್ಪ ಅಂತ ಕರೆದವನೇ ಕೇಳಿದರೂ ರಾಜರು ಹೇಳಲಿಲ್ಲ. ಮೊದಲು ಮರಣದಂಡನೆ ಆಗಿತ್ತು, ಅದು ಕರಿನೀರಿಗೆ ಇಳಿಯಿತು, ಕೊನೆಗೆ ನಾಲ್ಕು ವರ್ಷ ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟಿನ ಕೋಟೆಯಲ್ಲಿ ಸೆರೆ, ಆಮೇಲೆ ಸಂಸ್ಥಾನ ಮರಳಿ ಸಿಗಬಹುದು ಅನ್ನೋ ಮಟ್ಟಕ್ಕೆ ಬಂತು. ಆದರೆ ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ ಕಾವಲಿದ್ದ ಅಧಿಕಾರಿಯ ಪಿಸ್ತೂಲಿನಿಂದ ಹಾರಿದ ಗುಂಡಿಗೆ ಅವರು ಸತ್ತರು. ಅವರೇ ಹೊಡೆದುಕೊಂಡರು ಅಂತ ಟೇಲರ್ ಬರೆದ. ಹೊಡೆದುಕೊಂಡದ್ದಲ್ಲ, ಹೊಡೆದದ್ದು ಅಂತ ನಂಬುವವರು ನಮ್ಮ ಕಡೆ ಇವತ್ತಿಗೂ ಇದ್ದಾರೆ. ಜಾತಕದ ಮಾತು ನಿಜವಾಯ್ತು ಅಂತ ಟೇಲರ್‌ನ ಪುಸ್ತಕದಲ್ಲಿ ಬರುವ ಪ್ರಸಂಗ ಓದಲು ಬಹಳ ಚೆನ್ನಾಗಿದೆ. ನನಗೆ ಅನುಮಾನ ಬರೋದು ಅಲ್ಲೇ. ಕಾದಂಬರಿಕಾರನೇ ಏಕೈಕ ಸಾಕ್ಷಿ ಆದಾಗ ಚೆನ್ನಾಗಿ ಹೊಂದುವ ಎಲ್ಲದರ ಮೇಲೂ ಒಂದು ಕಣ್ಣಿಡಬೇಕಾಗುತ್ತೆ. ಆ ಕೋಣೆಯಲ್ಲಿ ಇಬ್ಬರಿದ್ದರು. ಒಬ್ಬನ ಮಾತು ಮಾತ್ರ ಹೊರಗೆ ಬಂತು.

ಟೇಲರ್ ಕಮಿಷನರ್ ಆಗಿ ಸುರಪುರಕ್ಕೆ ಮರಳಿ, 1860ರಲ್ಲಿ ಆರೋಗ್ಯ ಕೆಟ್ಟು ದೇಶ ಬಿಟ್ಟ. ದಂಗೆಯಲ್ಲಿ ಕಂಪನಿಯ ಜೊತೆ ನಿಂತದ್ದಕ್ಕೆ ಇನಾಮಾಗಿ ಅದೇ ವರ್ಷದ ಒಪ್ಪಂದದಲ್ಲಿ ಸುರಪುರ ನಿಜಾಮನಿಗೆ ಸಿಕ್ಕಿತು. 1870ರಲ್ಲಿ ಬಾಂಬೆಯಿಂದ ಇಂಗ್ಲೆಂಡಿಗೆ ಸಮುದ್ರದಡಿಯ ಕೇಬಲ್ ಬಂತು. ಮರುವರ್ಷ ಬಾಂಬೆ ಕಡೆಯ ರೈಲೂ ಮದ್ರಾಸ್ ಕಡೆಯ ರೈಲೂ ರಾಯಚೂರಿನಲ್ಲಿ ಕೂಡಿದವು. ಹಳಿಯ ಪಕ್ಕ ತಂತಿ ಕಂಬ ಇಲ್ಲದ ರೈಲಿಲ್ಲ, ಹಾಗಾಗಿ ಯಾದಗಿರಿಗೆ ಎರಡೂ ಒಟ್ಟಿಗೇ ಬಂದವು. ಸುರಪುರ, ಶಹಾಪುರಗಳು ಹಳಿಯಿಂದ ದೂರ ಉಳಿದವು. ರೈಲು ಹಿಡಿಯಲು ಈಗಲೂ ನಾವು ಯಾದಗಿರಿಗೇ ಹೋಗಬೇಕು.

1885ರಲ್ಲಿ ಭಾರತೀಯ ಟೆಲಿಗ್ರಾಫ್ ಕಾಯ್ದೆ ಬಂತು. ಮೂವತ್ತೊಂದು ವರ್ಷ ಹಳೆಯ ಆ ಸಾಲು ಅಲ್ಲೂ ಬಂತು, ಕಂಪನಿ ಹೋಗಿ ಸರ್ಕಾರ ಅಂತಾಯ್ತು ಅಷ್ಟೇ. ಜೊತೆಗೆ ಸಾರ್ವಜನಿಕ ತುರ್ತುಪರಿಸ್ಥಿತಿಯಲ್ಲಿ ಸಂದೇಶ ತಡೆಯುವ, ತೆರೆದು ನೋಡುವ ಅಧಿಕಾರ. ಟೆಲಿಫೋನನ್ನೂ ಟೆಲಿಗ್ರಾಫ್ ಅಂತಲೇ ಲೆಕ್ಕ ಹಿಡಿದರು. ಸ್ವಾತಂತ್ರ್ಯ ಬಂತು, ಸುರಪುರ ನಿಜಾಮನಿಂದ ಭಾರತಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, ಕಾಯ್ದೆ ಅದೇ ಉಳಿಯಿತು.

ನನ್ನ ಬಾಲ್ಯದ ಎಸ್‌ಟಿಡಿ ಬೂತ್ ನೆನಪಾಗುತ್ತೆ. ಹಳದಿ ಬೋರ್ಡು, ಗಾಜಿನ ಗೂಡು, ಕೆಂಪು ಅಂಕಿ ಓಡುವ ಮೀಟರ್. ರಾತ್ರಿ ಹನ್ನೊಂದರ ಮೇಲೆ ಕಾಲು ರೇಟು ಅಂತ ಊಟ ಮಾಡಿ ಹೋಗಿ ಸಾಲಿನಲ್ಲಿ ನಿಲ್ಲೋದು. ಮುಂಬೈಗೆ ದುಡಿಯಲು ಹೋದವರ ಮನೆಯವರು ಅಳೋದಕ್ಕೂ ಮೀಟರ್ ನೋಡಿಕೊಂಡು ಅಳಬೇಕಿತ್ತು. ದೂರ ಹೆಚ್ಚಾದಷ್ಟೂ ದುಡ್ಡು ಹೆಚ್ಚು ಅನ್ನೋದು ಪ್ರಕೃತಿ ನಿಯಮ ಅಂತಲೇ ನಾವು ನಂಬಿದ್ದೆವು. ಹಾಗಿರಲಿಲ್ಲ.

ಹಳೇ ಫೋನಿನ ಕಾಲ್ ಅಂದ್ರೆ ಯಾದಗಿರಿಯಿಂದ ಮುಂಬೈಗೆ ಇಡೀ ಕ್ರೂಸರ್ ಗಾಡಿಯನ್ನು ಒಬ್ಬರಿಗೇ ಬಾಡಿಗೆಗೆ ಹಿಡಿದ ಹಾಗೆ. ಇಬ್ಬರೂ ಸುಮ್ಮನಿದ್ದರೂ ಆ ದಾರಿ ನಿಮ್ಮದೇ, ಬಾಡಿಗೆ ಓಡ್ತಾ ಇರುತ್ತೆ. ಇಂಟರ್ನೆಟ್ ಬೇರೆ ಥರ. ಮಾತನ್ನು ಸಣ್ಣ ಸಣ್ಣ ಗಂಟು ಕಟ್ಟಿ, ಪ್ರತಿ ಗಂಟಿನ ಮೇಲೂ ವಿಳಾಸ ಬರೆದು, ಯಾವ ಟಂಟಂನಲ್ಲಿ ಜಾಗ ಇದೆಯೋ ಅದಕ್ಕೆ ಹಾಕಿ ಕಳಿಸುತ್ತೆ. ಗಂಟುಗಳು ಬೇರೆ ಬೇರೆ ದಾರಿಯಲ್ಲಿ ಹೋಗಿ ಕೊನೆಗೆ ಜೋಡಣೆಯಾಗ್ತವೆ. ಗಂಟಿನೊಳಗೆ ಮಾತಿದೆಯೋ ಫೋಟೊ ಇದೆಯೋ ಸಿನಿಮಾ ಇದೆಯೋ ದಾರಿಗೆ ಸಂಬಂಧವಿಲ್ಲ. ಇದು ನಿಂತದ್ದೇ ತಡ, ದೂರಕ್ಕೆ ತಕ್ಕ ರೇಟು ಅನ್ನೋ ನೆಲೆಗಟ್ಟೇ ಕುಸಿಯಿತು. ಫೋನ್ ಅನ್ನೋದು ಒಂದು ಪ್ರತ್ಯೇಕ ಸೇವೆಯಾಗಿ ಉಳಿಯಲಿಲ್ಲ, ಡೇಟಾದ ಮೇಲೆ ಓಡುವ ನೂರು ಆಪ್‌ಗಳಲ್ಲಿ ಒಂದಾಯ್ತು.

ಆದರೆ ತಂತ್ರಜ್ಞಾನ ಬಂದ ದಿನವೇ ಅದು ಜನರ ಕೈಗೆ ಬರಲಿಲ್ಲ. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನರಿಗೆ ಇಂಟರ್ನೆಟ್ ಕೊಟ್ಟಿತು. ಅದರ ಮೇಲೆ ಮಾತಾಡಲು ಮಾತ್ರ 2002ರ ಏಪ್ರಿಲ್ 1ರ ತನಕ ಅನುಮತಿ ಇರಲಿಲ್ಲ. ಯಾಕೆ? ವಿದೇಶಿ ಕಾಲ್ ಅದೇ ವಿಎಸ್‌ಎನ್‌ಎಲ್‌ನ ಏಕಸ್ವಾಮ್ಯ. ಆ ಏಕಸ್ವಾಮ್ಯ ಮುಗಿದದ್ದು ಹಿಂದಿನ ದಿನ, ಮಾರ್ಚ್ 31ಕ್ಕೆ. ಅನುಮತಿ ಸಿಕ್ಕ ಮೇಲೂ ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ, ಕಂಪ್ಯೂಟರ್‌ನಿಂದ ವಿದೇಶದ ಫೋನಿಗೆ ಮಾತ್ರ. ದೇಶದೊಳಗಿನ ಮಾಮೂಲಿ ಫೋನಿಗೆ ಇಲ್ಲ. ಎಸ್‌ಟಿಡಿ ವ್ಯಾಪಾರ ಉಳಿಯಬೇಕಿತ್ತಲ್ಲ.

ಆ ಗೋಡೆಯನ್ನು ಕಾಯ್ದೆಗಿಂತ ಹೆಚ್ಚಾಗಿ ಬಳಕೆ ಕೆಡವಿತು. ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. 2015ರಲ್ಲಿ ವಾಟ್ಸ್‌ಆಪ್ ಕಾಲ್ ಬಂತು. 2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾಯ್ತು. ಅದರ ಜಾಲದಲ್ಲಿ ಹಳೇ ನಮೂನೆಯ ಕಾಲ್ ಅನ್ನೋದೇ ಇಲ್ಲ, ಮಾತು ಕೂಡ ಡೇಟಾ ಆಗಿಯೇ ಹೋಗುತ್ತೆ. ಹಾಗಾಗಿಯೇ ಮಾತು ಪುಕ್ಕಟೆ ಅಂತ ಹೇಳೋ ಧೈರ್ಯ ಅದಕ್ಕಿತ್ತು. ಆಗ ಇನ್ನೊಂದು ಜಗಳ ನಡೆಯಿತು, ಪೇಪರಿನ ಒಳಪುಟದಲ್ಲೇ ಮುಗಿದುಹೋದ ಜಗಳ. ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯ ಗ್ರಾಹಕನಿಗೆ ಕಾಲ್ ಮಾಡಿದರೆ, ಕಾಲ್ ಹುಟ್ಟಿದ ಕಂಪನಿ ಕಾಲ್ ಸೇರಿದ ಕಂಪನಿಗೆ ನಿಮಿಷಕ್ಕಿಷ್ಟು ಅಂತ ಕೊಡಬೇಕು. ಅದು 14 ಪೈಸೆ ಇತ್ತು. 2017ರ ಅಕ್ಟೋಬರ್‌ನಲ್ಲಿ ಟ್ರಾಯ್ 6 ಪೈಸೆಗೆ ಇಳಿಸಿತು, 2021ರ ಜನವರಿ 1ಕ್ಕೆ ಸೊನ್ನೆ. ಮಾತಿಗೆ ಬೆಲೆ ಕಟ್ಟುವ ಪದ್ಧತಿಗೆ ಅದೇ ಕೊನೆ. ಕಾಲ್ ಮಾಡುವವರಿಗಿಂತ ಕಾಲ್ ಬರುವವರೇ ಹೆಚ್ಚಿದ್ದ ಹಳೇ ಕಂಪನಿಗಳ ಆದಾಯದ ಒಂದು ಕಾಲು ಅಲ್ಲಿಗೆ ಮುರಿಯಿತು. ಏರ್‌ಸೆಲ್, ಟೆಲಿನಾರ್, ಟಾಟಾ ಡೊಕೊಮೊ, ಅನಿಲ್ ಅಂಬಾನಿಯ ರಿಲಯನ್ಸ್ ಒಂದೊಂದಾಗಿ ಹೋದವು. ವೊಡಾಫೋನ್ ಮತ್ತು ಐಡಿಯಾ 2018ರಲ್ಲಿ ಸೇರಿಕೊಂಡವು. ಈಗ ದೇಶದ ಬಹುಪಾಲು ಗ್ರಾಹಕರು ಇರೋದು ಎರಡು ಕಂಪನಿಗಳ ಹತ್ತಿರ. 2024ರ ಜುಲೈನಲ್ಲಿ ದರ ಏರಿಸಿದಾಗ ಹೆಚ್ಚುಕಮ್ಮಿ ಒಟ್ಟಿಗೇ ಏರಿಸಿದರು. ಸಿಟ್ಟಿನಿಂದ ಬಿಎಸ್‌ಎನ್‌ಎಲ್‌ಗೆ ಹೋದವರು ನನ್ನ ಗುರುತಿನವರಲ್ಲೂ ಇದ್ದಾರೆ, ಸಿಗ್ನಲ್ ಹುಡುಕಿ ವಾಪಸ್ ಬಂದವರೂ ಇದ್ದಾರೆ.

ಅಂದ್ರೆ ಹೊಸ ಜಾಲ ಎರಡು ಕೆಲಸವನ್ನು ಒಟ್ಟಿಗೇ ಮಾಡಿತು. ಯಾರು ಬೇಕಾದರೂ ಮಾತಾಡಬಹುದು ಅನ್ನೋ ಹಾಗಾಯ್ತು. ಆ ಮಾತು ಸಾಗುವ ದಾರಿಗೆ ಯಜಮಾನರು ಮಾತ್ರ ಕಡಿಮೆಯಾದರು. ಒಂದು ಸಲ ಜನ ಎಚ್ಚರವಾಗಿದ್ದು ಗೆದ್ದದ್ದೂ ಉಂಟು. ಕೆಲವೇ ವೆಬ್‌ಸೈಟುಗಳನ್ನು ಪುಕ್ಕಟೆ ಕೊಟ್ಟು ಅದನ್ನೇ ಇಂಟರ್ನೆಟ್ ಅನ್ನೋ ಫೇಸ್‌ಬುಕ್‌ನ ಯೋಜನೆಗೆ ಲಕ್ಷಾಂತರ ಜನ ಟ್ರಾಯ್‌ಗೆ ಇಮೇಲ್ ಬರೆದು ತಡೆ ಹಾಕಿಸಿದರು, 2016ರ ಫೆಬ್ರವರಿಯಲ್ಲಿ. ಆಗ ಬರೆದವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನವರು. ಗಂಟಿನೊಳಗೆ ಏನಿದೆ ಅಂತ ದಾರಿಯವನು ನೋಡಬಾರದು, ನೋಡಿ ರೇಟು ಹೇಳಬಾರದು ಅನ್ನೋದೇ ಆ ಗೆಲುವು. ಟೇಲರ್‌ನ ಟೇಬಲ್ ದಾಟಿ ಹೋಗಬೇಕಾಗಿದ್ದ ರಾಣಿಯ ಅರ್ಜಿ ನೆನಪಿದೆಯಲ್ಲ?

ಇನ್ನು ಆ ಹಳೇ ಸಾಲು. 1885ರ ಕಾಯ್ದೆಯ ಜಾಗಕ್ಕೆ 2023ರ ಡಿಸೆಂಬರ್‌ನಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಪಾಸಾಯಿತು. ವಸಾಹತು ಕಾಲದ ಕಾನೂನು ಕಿತ್ತೆಸೆದೆವು ಅಂತ ಹೇಳಿಕೊಂಡರು. ಅದರ ಕಲಂ 20 ತೆರೆದು ನೋಡಿ. ಸಾರ್ವಜನಿಕ ತುರ್ತು, ಸಾರ್ವಜನಿಕ ಸುರಕ್ಷತೆ, ಸಂದೇಶ ತಡೆಯೋದು, ಸೇವೆ ನಿಲ್ಲಿಸೋದು, ಜಾಲವನ್ನೇ ವಶಕ್ಕೆ ತಗೊಳ್ಳೋದು, ಎಲ್ಲಾ ಇದೆ. ಆ ಕಲಂ 2024ರ ಜೂನ್ 26ರಿಂದ ಜಾರಿಯಲ್ಲಿದೆ. ಸಂದೇಶ ಅನ್ನೋ ಪದದ ವ್ಯಾಖ್ಯೆ ಎಷ್ಟು ಅಗಲ ಇದೆ ಅಂದ್ರೆ ವಾಟ್ಸ್‌ಆಪ್ ಇದರೊಳಗೆ ಬರುತ್ತೋ ಇಲ್ಲವೋ ಅನ್ನೋ ವಾದ ಆಗಲೇ ಎದ್ದಿತ್ತು. ಬರಲ್ಲ ಅಂತ ಸರ್ಕಾರ ಬಾಯಿಮಾತಿನಲ್ಲಿ ಹೇಳಿದೆ. ಅದು ಕಾಯ್ದೆಯಲ್ಲೇ ಬರೆದಿದ್ದರೆ ನಾನು ಸುಮ್ಮನಿರುತ್ತಿದ್ದೆ.

ನೆಟ್ ಬಂದ್ ಮಾಡೋದು ಕಾಶ್ಮೀರದ ವಿಷಯ ಅಂತ ಸುಮ್ಮನಿರುವ ಗೆಳೆಯರಿಗೆ ನಾನು 2019ರ ಡಿಸೆಂಬರ್‌ನ ಮಂಗಳೂರನ್ನು ನೆನಪಿಸ್ತೀನಿ. ಗೋಲಿಬಾರ್ ಆದ ದಿನವೇ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ ಕಡಿದಿದ್ದರು. ಹೀಗೆ ನಿಲ್ಲಿಸುವ ಆದೇಶವನ್ನು ಪ್ರಕಟಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದೆ. ಹಿಂದೆ ತಂತಿ ಕಡಿಯುತ್ತಿದ್ದವರು ದಂಗೆಯವರು, ಈಗ ಸರ್ಕಾರವೇ ಕಡಿಯುತ್ತೆ ಅನ್ನೋದು ವಿಚಿತ್ರ. ಎರಡಕ್ಕೂ ಕಾರಣ ಮಾತ್ರ ಒಂದೇ, ಎದುರಿನವರು ಮಾತಾಡಿಕೊಳ್ಳಬಾರದು.

ನಮ್ಮ ಜಿಲ್ಲೆಯಲ್ಲಿ ಈ ದಾರಿ ಕಡಿದರೆ ಬರೀ ರೀಲ್ಸ್ ನಿಲ್ಲೋದಿಲ್ಲ. ರೇಷನ್ ಅಂಗಡಿಯಲ್ಲಿ ಬೆರಳು ಒತ್ತಬೇಕು ಅಂದ್ರೆ ನೆಟ್ ಬೇಕು. ಉದ್ಯೋಗ ಖಾತ್ರಿಯ ಹಾಜರಿ 2023ರ ಜನವರಿಯಿಂದ ಆಪ್‌ನಲ್ಲೇ, ದಿನಕ್ಕೆ ಎರಡು ಸಲ ಫೋಟೊ ಸಮೇತ ಆಗಬೇಕು ಅಂತಾಯ್ತು. ಗುಡ್ಡದ ಮರೆಯ ಕೆಲಸದ ಜಾಗದಲ್ಲಿ ಸಿಗ್ನಲ್ ಸಿಗದಿದ್ದರೆ ದಿನವಿಡೀ ಮಣ್ಣು ಹೊತ್ತ ಹೆಂಗಸಿನ ಕೂಲಿಗೆ ಕುತ್ತು. ಹರಿಕಾರ ತಡವಾಗಿ ಬಂದರೆ ಟೇಲರ್‌ನ ವರದಿ ಒಂದು ದಿನ ತಡವಾಗುತ್ತಿತ್ತು, ಅಷ್ಟೇ.

ಟೇಲರ್‌ನ ಕೊನೆಯ ದಿನಗಳನ್ನು ಹೇಳಿಬಿಡ್ತೀನಿ. ನಿವೃತ್ತನಾಗಿ ಐರ್ಲೆಂಡಿನ ಡಬ್ಲಿನ್ ಹತ್ತಿರ ನೆಲೆಸಿ ಭಾರತದ ಮೇಲೇ ಕಾದಂಬರಿ ಬರೆದ. 1875ರಲ್ಲಿ ಮನಸ್ಸು ತಡೆಯದೆ ಮತ್ತೆ ಹೈದರಾಬಾದಿಗೆ ಬಂದ. ಕಾಯಿಲೆ ಬಿದ್ದು ಕಣ್ಣು ಹೋಯಿತು. ಊರಿಗೆ ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಆತ್ಮಕಥೆಯನ್ನು ಮಗಳು ಆಲಿಸ್ ಮುಂದಿನ ವರ್ಷ ಹೊರತಂದಳು. ಅವನು ಕೆಟ್ಟವನಾಗಿದ್ದ ಅಂತ ನನಗೆ ಅನ್ನಿಸುವುದಿಲ್ಲ. ಆ ಕಾಲದ ಸಾಹೇಬರಲ್ಲಿ ಜನರ ಭಾಷೆ ಕಲಿತು, ಜನರ ನಡುವೆ ಬದುಕಿದ ಕೆಲವರಲ್ಲಿ ಅವನೂ ಒಬ್ಬ. ನನ್ನ ತಕರಾರು ಅವನ ಗುಣದ ಮೇಲಲ್ಲ, ಬೇರೆ ಯಾರಿಗೂ ದಾರಿಯೇ ಇರಲಿಲ್ಲ ಅನ್ನುವುದರ ಮೇಲೆ.

ಅವತ್ತು ಗುಡ್ಡದ ಮೇಲೆ ವಿಡಿಯೊ ಕಾಲ್ ಮುಗಿದ ಮೇಲೆ ಆ ಹುಡುಗರ ಜೊತೆ ಮಾತಿಗೆ ಕೂತೆ. ರಾಜಾ ವೆಂಕಟಪ್ಪ ನಾಯಕರ ಹೆಸರನ್ನು ಫೋನಿನಲ್ಲಿ ಹುಡುಕಿ ಅಂದೆ. ಬಂದದ್ದರಲ್ಲಿ ಹೆಚ್ಚಿನದು ಟೇಲರ್‌ನ ಪುಸ್ತಕದಿಂದಲೇ ಇಳಿದು ಬಂದದ್ದು, ಕನ್ನಡದಲ್ಲಿದ್ದದ್ದೂ. ದೊಡ್ಡ ಹುಡುಗ ಓದಿ, ನಮ್ಮ ಅಮ್ಮಾಯಿ ಹಿಂಗ್ ಹೇಳಂಗಿಲ್ರಿ, ಆಕಿ ಕಥಿನೇ ಬ್ಯಾರೆ ಐತ್ರಿ ಅಂದ. ರೆಕಾರ್ಡ್ ಮಾಡಿ ಕಳಿಸ್ತೀಯಾ ಅಂತ ಕೇಳಿ ನಂಬರ್ ಕೊಟ್ಟು ಬಂದೆ. ಇನ್ನೂ ಕಳಿಸಿಲ್ಲ. ಮುಂದಿನ ತಿಂಗಳು ಊರಿಗೆ ಹೋದಾಗ ನಾನೇ ಅವರ ಮನೆಗೆ ಹೋಗಬೇಕು.